ಹೊಯ್ಸಳ ನಾಡಿನ ಯುಗಾದಿ

ಯುಗಾದಿಯ ಅರ್ಥವೇನೆಂದು ಕೇಳಿದರೆ ನಮ್ಮಲ್ಲಿ ಹತ್ತು ವರ್ಷದ ಮಗುವೂ ಉತ್ತರ ಹೇಳುತ್ತದೆ. ಬೇವು ಕಹಿ, ಬೆಲ್ಲ ಸಿಹಿ. ಬಾಳಿನಲ್ಲಿ ಎರಡೂ ಉಂಟು. ಎರಡನ್ನೂ ಸಮಚಿತ್ತದಿಂದ ಸ್ವೀಕರಿಸಬೇಕು. ಉತ್ತರವೇನೋ ಸರಿಯಾದದ್ದೇ, ತಲೆತಲಾಂತರದಿಂದ ಬಂದದ್ದೇ. ಆದರೆ ಈ ಅರ್ಥದಲ್ಲಿ ಮನುಷ್ಯನ ಪಾಲಿಗೆ ಉಳಿಯುವುದು ಉಣ್ಣುವ ಕೆಲಸ ಮಾತ್ರ. ವರ್ಷವು ಬಡಿಸುತ್ತದೆ, ಅವನು ಎಲೆಯ ಮುಂದೆ ಕುಳಿತಿರುತ್ತಾನೆ. ಹಾಸನ ಸೀಮೆಯ ಬೇಲೂರು, ಹಳೇಬೀಡು, ಅರಸೀಕೆರೆಗಳ ಕಲ್ಲುಗಳನ್ನು ಓದುತ್ತ ಹೋದವರಿಗೆ ಇದೇ ಹಬ್ಬದ ಇನ್ನೊಂದು ಅರ್ಥ ತಾನಾಗಿ ಹೊಳೆಯುತ್ತದೆ. ಅಲ್ಲಿ ಚೈತ್ರವೆಂದರೆ ಬಂದದ್ದನ್ನು ಉಣ್ಣುವ ಕಾಲವಷ್ಟೇ ಅಲ್ಲ; ಮುಂದೆ ಬರುವವರಿಗಾಗಿ ಏನನ್ನಾದರೂ ತೊಡಗುವ ಕಾಲ, ಹಿಂದಿನವರು ತೊಡಗಿದ್ದನ್ನು ಕೈಬಿಡದೆ ನಡೆಸುವ ಕಾಲ. ಈ ಎರಡನೆಯ ಅರ್ಥವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಹೆಸರಿನ ಮಾತು. 'ಯುಗದ ಆದಿ' ಯುಗಾದಿ; ಹಳ್ಳಿಯವರ ಬಾಯಲ್ಲಿ ಅದೇ ಉಗಾದಿ. ಬ್ರಹ್ಮನು ಸೃಷ್ಟಿಗೆ ತೊಡಗಿದ ದಿನವೆಂದು ಪುರಾಣದ ನಂಬಿಕೆ. ಪುರಾಣದ ಮಾತಿಗೆ ಗಣಿತಜ್ಞರೂ ದನಿಗೂಡಿಸಿದ್ದಾರೆ. 1150ರಲ್ಲಿ 'ಸಿದ್ಧಾಂತ ಶಿರೋಮಣಿ'ಯನ್ನು ಬರೆದ ಭಾಸ್ಕರಾಚಾರ್ಯನು, ದಿನ ಮಾಸ ವರ್ಷ ಯುಗಗಳೆಲ್ಲವೂ ಒಟ್ಟಿಗೆ ಮೊದಲಾದದ್ದು ಚೈತ್ರ ಶುಕ್ಲಪಕ್ಷದ ಆರಂಭದಲ್ಲಿ ಎಂದು ಹೇಳಿರುವನು. ಚಾಂದ್ರಮಾನದ ಲೆಕ್ಕವಾದ್ದರಿಂದ ಈ ದಿನವು ಇಂಗ್ಲಿಷ್ ತಾರೀಖಿಗೆ ಅಂಟಿಕೊಳ್ಳುವುದಿಲ್ಲ. ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಓಲಾಡುತ್ತದೆ. ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಬರುವ ಅಧಿಕಮಾಸವು ಅದನ್ನು ಹಿಡಿದು ತನ್ನ ಋತುವಿನಲ್ಲಿ ನಿಲ್ಲಿಸುತ್ತದೆ. ಸ್ವಾತಂತ್ರ್ಯದ ಬಳಿಕ 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯೊಂದು ಏರ್ಪಟ್ಟಿತು. ಅದರ ಸಲಹೆಯಂತೆ 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ ಮೊದಲ ದಿನದಿಂದ, ರಾಷ್ಟ್ರೀಯ ಪಂಚಾಂಗ ಬಳಕೆಗೆ ಬಂದಿತು. ಸರಕಾರದ ಚೈತ್ರ ನಿಂತಲ್ಲಿ ನಿಂತಿದೆ. ಜನರ ಚೈತ್ರ ಚಂದ್ರನ ಜೊತೆಯಲ್ಲೇ ನಡೆದಿದೆ.

ನಮ್ಮ ವರ್ಷಗಳಿಗೆ ಸಂಖ್ಯೆ ಮಾತ್ರವಲ್ಲ, ಹೆಸರೂ ಇದೆ. ಪ್ರಭವದಿಂದ ಕ್ಷಯದವರೆಗೆ ಅರವತ್ತು ಹೆಸರುಗಳು ಚಕ್ರದಂತೆ ತಿರುಗುತ್ತವೆ. ಉತ್ತರ ಹಿಂದೂಸ್ಥಾನದಲ್ಲಿ ಗುರುಗ್ರಹದ ಗತಿಯನ್ನು ಅನುಸರಿಸಿ ನಡುನಡುವೆ ಒಂದು ಹೆಸರನ್ನು ಬಿಟ್ಟು ಲೆಕ್ಕ ಹಾಕುವುದುಂಟು. ದಕ್ಷಿಣದವರು ಆ ಗೊಡವೆಯನ್ನು ಬಿಟ್ಟು ವರ್ಷಕ್ಕೊಂದು ಹೆಸರಿನಂತೆ ನೇರವಾಗಿ ಎಣಿಸಿಕೊಂಡು ಬಂದರು. ನಾನು ಕನ್ನಡದ ಅಧ್ಯಾಪಕ, ಜ್ಯೋತಿಷಿಯಲ್ಲ. ಆದರೂ ಶಾಸನಪಾಠ ಮಾಡುವಾಗ ಹುಡುಗರಿಗೆ ಒಂದು ಸುಲಭ ಸೂತ್ರವನ್ನು ಹೇಳಿಕೊಡುತ್ತೇನೆ. ಶಕವರ್ಷಕ್ಕೆ ಹನ್ನೆರಡನ್ನು ಕೂಡಿಸಿ ಅರವತ್ತರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಶೇಷ ಉಳಿಯದಿದ್ದರೆ ಅದು ಅರವತ್ತನೆಯದು, ಕ್ಷಯ. ಕಪ್ಪು ಹಲಗೆಯ ಮೇಲೆ ಈ ಲೆಕ್ಕವನ್ನು ಮಾಡಿ ತೋರಿಸಿದಾಗ, ಒಣಗಿದ ಕಲ್ಲಿನ ಮಾತು ಎಂದುಕೊಂಡು ಆಕಳಿಸುತ್ತಿದ್ದವರೂ ಕೂಡಲೆ ಎದ್ದು ಕುಳಿತು ತಾವು ಹುಟ್ಟಿದ ವರ್ಷದ ಹೆಸರನ್ನು ಹುಡುಕಲು ತೊಡಗುತ್ತಾರೆ.

ಈ ಸೂತ್ರವನ್ನು ಬೇಲೂರಿಗೆ ಅನ್ವಯಿಸಿ ನೋಡೋಣ. ಹಾಸನ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಬೇಲೂರಿನ ದೇಗುಲವನ್ನು ಕುರಿತೇ ಆರ್. ನರಸಿಂಹಾಚಾರ್ಯರು 1919ರಲ್ಲಿ ಒಂದು ಪುಸ್ತಕವನ್ನು ಬರೆದರು. ಅಲ್ಲಿಯ ಶಾಸನದಂತೆ ವಿಷ್ಣುವರ್ಧನನು ವಿಜಯನಾರಾಯಣನನ್ನು, ಎಂದರೆ ಇಂದಿನ ಚೆನ್ನಕೇಶವನನ್ನು, ಪ್ರತಿಷ್ಠೆ ಮಾಡಿಸಿದ್ದು ಶಕ 1039ನೆಯ ಹೇವಿಳಂಬಿ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಶನಿವಾರ. ಇಂಗ್ಲಿಷ್ ಲೆಕ್ಕದಲ್ಲಿ ಅದು 1117ರ ಮಾರ್ಚ್ 10. ಪಂಚಮಿಯೆಂದ ಮೇಲೆ ಯುಗಾದಿಯ ಪಾಡ್ಯ ಕಳೆದು ನಾಲ್ಕೇ ದಿನ. ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಒಣಗಿರಬಹುದು, ಬಿಚ್ಚಿರಲಾರರು. ತಲಕಾಡಿನಲ್ಲಿ ಚೋಳರನ್ನು ಸೋಲಿಸಿ ಬಂದ ಅರಸನು ತನ್ನ ಗೆಲವಿನ ಹೆಸರನ್ನು ದೇವರಿಗಿಟ್ಟು, ಹೊಸ ವರ್ಷದ ಮೊದಲ ವಾರದಲ್ಲೇ ಅವನನ್ನು ನೆಲೆಗೊಳಿಸಿದನು. ಈಗ ಲೆಕ್ಕ ಹಾಕಿ: 1039ಕ್ಕೆ 12 ಸೇರಿದರೆ 1051, ಅರವತ್ತರಿಂದ ಭಾಗಿಸಿದರೆ ಶೇಷ 31, ಮೂವತ್ತೊಂದನೆಯ ಸಂವತ್ಸರ ಹೇವಿಳಂಬಿ. ಶಾಸನದ ಮಾತಿಗೂ ನಮ್ಮ ಲೆಕ್ಕಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅದೇ ಹೇವಿಳಂಬಿ ಹದಿನೈದು ಸಲ ಸುತ್ತಿ 2017ರ ಯುಗಾದಿಯಂದು ಮತ್ತೆ ಬಂದಿತು. ದೇಗುಲಕ್ಕೆ ಒಂಬೈನೂರು ವರ್ಷ ತುಂಬಿತು. ವರ್ಷದ ಹೆಸರು ಮಾತ್ರ ಅದೇ!

ಪಂಚಮಿಯನ್ನು ಬಿಟ್ಟು ಪಾಡ್ಯದ ದಿನವೇ ಮಾಡಿದ ದತ್ತಿಯೂ ಒಂದುಂಟು. ಮಾಡಿದವಳು ಅದೇ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ. ಪತಿಯು ವಿಷ್ಣುಭಕ್ತ, ಅವಳು ಜಿನಭಕ್ತೆ. ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದ ಕೈಯೇ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿತು. ಅಲ್ಲಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿ, ನಿತ್ಯಪೂಜೆಗೂ ಮುನಿಗಳ ಆಹಾರಕ್ಕೂ ಎಂದು ಮೊಟ್ಟೆನವಿಲೆ ಎಂಬ ಊರನ್ನು ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ಬಿಟ್ಟುಕೊಟ್ಟಳು. ಶಾಸನದ ಕಾಲ ಶಕ 1045, ಶೋಭಕೃತ್ ಸಂವತ್ಸರ, ಚೈತ್ರ ಶುದ್ಧ ಪಾಡ್ಯ, ಗುರುವಾರ. ಎಂದರೆ 1123ರ ಯುಗಾದಿ. ಹೊಸ ಸೀರೆಯುಟ್ಟು ಹಬ್ಬ ಮಾಡುವ ದಿನ ರಾಣಿಯು ಒಂದು ಊರಿನ ಆದಾಯವನ್ನೇ ಧಾರೆಯೆರೆದಳು. ಯುಗಾದಿಯು ಯಾವುದೊಂದು ಮತದ ಸೊತ್ತೂ ಆಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹೊಯ್ಸಳರ ಕಾಲದ ದಾನಗಳೆಲ್ಲವೂ ಚೈತ್ರದಲ್ಲೇ ಆದವೆಂದು ನಾನು ಹೇಳುವುದಿಲ್ಲ. ಗ್ರಹಣ, ಸಂಕ್ರಮಣ, ವ್ಯತೀಪಾತಗಳೂ ದಾನಕ್ಕೆ ಪುಣ್ಯಕಾಲಗಳೇ. ಬೆಳಗೊಳದಲ್ಲಿ ಹುಳ್ಳ ದಂಡನಾಯಕನು ಕಟ್ಟಿಸಿದ ಇಪ್ಪತ್ತನಾಲ್ಕು ತೀರ್ಥಂಕರರ ಜಿನಾಲಯದ 1159ರ ಶಾಸನವು ಉತ್ತರಾಯಣ ಸಂಕ್ರಮಣದ್ದು. ಆದರೆ ಗ್ರಹಣ ಸಂಕ್ರಮಣಗಳು ಆಕಾಶದಲ್ಲಿ ನಡೆಯುವ ಸಂಗತಿಗಳು. ಮನುಷ್ಯನು ಎಣಿಸಿದರೂ ಎಣಿಸದಿದ್ದರೂ ಅವು ನಡೆದೇ ನಡೆಯುತ್ತವೆ. ಯುಗಾದಿ ಹಾಗಲ್ಲ. ಚಂದ್ರನು ವರ್ಷಕ್ಕೆ ಹನ್ನೆರಡೋ ಹದಿಮೂರೋ ಸಲ ಹುಟ್ಟಿ ಬರುತ್ತಾನೆ. ಅವುಗಳಲ್ಲಿ ಒಂದನ್ನು ಆರಿಸಿ, ಇಲ್ಲಿಂದ ಹೊಸತು ಎಂದವರು ಮನುಷ್ಯರೇ. ಆದ್ದರಿಂದ ಯುಗಾದಿಯ ದಿನ ಮಾಡಿದ ಕೆಲಸಕ್ಕೆ ಒಂದು ವಿಶೇಷವಾದ ಭಾವವಿದೆ: ನಾವು ಆರಂಭಿಸಿದ್ದೇವೆ, ನೀವು ಮುಂದುವರಿಸಿ ಎಂಬ ಭಾವ.

ದಾನಶಾಸನಗಳ ಕೊನೆಯ ಭಾಗ ಎಲ್ಲರಿಗೂ ಪರಿಚಿತ. ದತ್ತಿಯನ್ನು ಅಳಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ, ಕಾದವನಿಗೆ ಅಲ್ಲಿಯೇ ಗೋದಾನ ಮಾಡಿದ ಪುಣ್ಯ ಎಂಬ ಮಾತು ಅಲ್ಲಿ ಬರುತ್ತದೆ. ನಮ್ಮ ಹುಡುಗರು ಇದನ್ನು ಓದಿ ನಗುತ್ತಾರೆ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಮಾತು ಇರುತ್ತದೆ, ಅದರ ಕಡೆಗೆ ಗಮನ ಕಡಿಮೆ. ತಾನು ಕೊಡುವುದು ಸುಲಭ, ಹಿಂದಿನವರು ಕೊಟ್ಟದ್ದನ್ನು ಕಾಯುವುದು ಕಷ್ಟ. ಕೊಡುವುದಕ್ಕಿಂತ ಕಾಯುವುದೇ ಮೇಲು ಎಂಬುದು ಅದರ ತಾತ್ಪರ್ಯ. ದಾನ ಮಾಡುವ ಗಳಿಗೆಯಲ್ಲೇ, ದಾನಕ್ಕಿಂತ ಅದರ ಪಾಲನೆ ದೊಡ್ಡದೆಂದು ಒಪ್ಪಿಕೊಂಡ ವಿನಯ ಆ ಕಲ್ಲಿನಲ್ಲಿದೆ.

ಇದೆಲ್ಲ ಅರಸರ ಕೀರ್ತಿಯ ಹಂಬಲವಲ್ಲವೆ ಎಂದು ಕೇಳುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ ಸರಿ. ವಿಜಯನಾರಾಯಣನೆಂಬ ಹೆಸರೇ ಅದನ್ನು ಒಪ್ಪಿಕೊಳ್ಳುತ್ತದೆ. ಊರನ್ನು ಧಾರೆಯೆರೆದವಳು ರಾಣಿಯಾದರೂ ಆ ಧಾರೆ ಫಲಿಸಿದ್ದು ಮೊಟ್ಟೆನವಿಲೆಯ ಒಕ್ಕಲು ವರ್ಷವರ್ಷವೂ ನೇಗಿಲು ಹಿಡಿದದ್ದರಿಂದ. ಉಳುವವನಿಲ್ಲದ ಊರನ್ನು ಯಾರಿಗೆ ಕೊಟ್ಟರೇನು? ಹಾಗೆ ನೋಡಿದರೆ ಅರಮನೆಯ ಯುಗಾದಿಗಿಂತ ಹೊಲದ ಯುಗಾದಿಯೇ ದೊಡ್ಡದು. ಅದರ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು.

ಹಾಸನ, ಮಂಡ್ಯ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯುಗಾದಿಯಂದು ಹೊನ್ನಾರು ಕಟ್ಟುವ ಪದ್ಧತಿಯುಂಟು. ಪಂಚಾಂಗ ನೋಡಿ, ಈ ವರ್ಷ ಯಾರ ಹೆಸರಿಗೆ ಹೊನ್ನಾರು ಕೂಡಿಬರುವುದೆಂದು ತಿಳಿದು, ಎತ್ತುಗಳ ಮೈ ತೊಳೆದು ಸಿಂಗರಿಸಿ, ನೇಗಿಲಿಗೆ ಪೂಜೆ ಮಾಡಿ ವರ್ಷದ ಮೊದಲ ಸಾಲನ್ನು ಹೊಡೆಯುತ್ತಾರೆ. ಆರು ಎಂದರೆ ಉಳುವ ಎತ್ತುಗಳ ಜೋಡಿ. ಮೊದಲ ಸಾಲಿನ ಆರು ಹೊನ್ನಿನ ಆರಾಯಿತು. ಮಳೆ ಇನ್ನೂ ದೂರ, ನೆಲ ಗಟ್ಟಿ. ಆ ಸಾಲಿನಲ್ಲಿ ಬೀಜ ಮೊಳೆಯಲಾರದೆಂದು ರೈತನಿಗೆ ಗೊತ್ತು. ಆದರೂ ಹೊಡೆಯುತ್ತಾನೆ, ಏಕೆಂದರೆ ಅದು ಬೆಳೆಗಾಗಿ ಹೊಡೆದ ಸಾಲಲ್ಲ, ನೆಲಕ್ಕೆ ಕೊಟ್ಟ ಮಾತು. ಸಂಜೆ ಗುಡಿಯಲ್ಲಿ ಪಂಚಾಂಗ ಓದಿಸಿ ಮಳೆ ಬೆಳೆಗಳ ಆಯವ್ಯಯ ಕೇಳುವುದು, ಎಳೆಯ ಚಂದ್ರನನ್ನು ಕಂಡು ಹಿರಿಯರ ಕಾಲಿಗೆ ಬೀಳುವುದು, ಮರುದಿನ ಹೊಸತೊಡಕು, ಇವೆಲ್ಲ ನಡೆದುಬಂದ ಕ್ರಮ. ಹೊಸತೊಡಕಿನ ದಿನ ತೊಡಗಿದ್ದು ವರ್ಷವೆಲ್ಲ ಕೈಬಿಡದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಂದು ಮಕ್ಕಳನ್ನು ಬೈಯಲೂ ಅವರು ಹಿಂದೆಮುಂದೆ ನೋಡುತ್ತಿದ್ದರು.

ಕನ್ನಡ ನಾಡಿನ ಬೇರೆ ಭಾಗಗಳಿಗೆ ಹೋದರೆ ಹಬ್ಬದ ಬಣ್ಣ ಬೇರೆ, ಒಳಗಿನ ಎಳೆ ಒಂದೇ. ಉತ್ತರ ಕರ್ನಾಟಕದ ಹಲವು ಕಡೆ ಬೇವು ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ, ಹುರಿಗಡಲೆ ಮಾವಿನಕಾಯಿಗಳೊಡನೆ ಕಲಸಿ ಕುಡಿಯುತ್ತಾರೆ. ಅದಕ್ಕೆ 'ಬೇವು' ಎಂದೇ ಹೆಸರು. ಬೆಳಗಾವಿಯ ಗಡಿಯಲ್ಲಿ ಮನೆಯ ಮುಂದೆ ಗುಡಿ ಏರಿಸುವವರೂ ಉಂಟು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಸಾವಿರಾರು ಜನ ಕಂಬಿ ಹೊತ್ತು ಬಿರುಬಿಸಿಲಿನಲ್ಲಿ ಕಾಲ್ನಡಿಗೆಯಿಂದ ಶ್ರೀಶೈಲಕ್ಕೆ ಹೋಗಿ ಮಲ್ಲಯ್ಯನ ಸನ್ನಿಧಿಯಲ್ಲಿ ಯುಗಾದಿ ಮಾಡುತ್ತಾರೆ. ದಾರಿಯುದ್ದಕ್ಕೂ ಊರೂರಿನವರು ಅವರಿಗೆ ನೀರು ಅನ್ನ ನೀಡುವುದನ್ನು ವ್ರತದಂತೆ ಪಾಲಿಸುತ್ತಾರೆ. ಯಾವ ತಾಮ್ರಪಟವೂ ಇಲ್ಲದೆ, ಯಾವ ಶಾಪದ ಹೆದರಿಕೆಯೂ ಇಲ್ಲದೆ ನಡೆದುಕೊಂಡು ಬಂದ ದತ್ತಿ ಅದು. ಇತ್ತ ತುಳುನಾಡಿನಲ್ಲಿ, ಕಾಸರಗೋಡಿನ ಕನ್ನಡಿಗರಲ್ಲಿ, ಸೌರಮಾನದ ಬಿಸು. ಏಪ್ರಿಲ್ ನಡುವೆ ಸೂರ್ಯನು ಮೇಷಕ್ಕೆ ಬಂದಾಗ ಅಕ್ಕಿ, ತೆಂಗು, ಸೌತೆ, ಕನ್ನಡಿ, ಚಿನ್ನಗಳ ಕಣಿ ಕಂಡು ವರ್ಷವನ್ನು ತೊಡಗುತ್ತಾರೆ. ಚಂದ್ರನ ಲೆಕ್ಕವಾಗಲಿ ಸೂರ್ಯನ ಲೆಕ್ಕವಾಗಲಿ, ಒಂದು ಕಡೆ ನೇಗಿಲು, ಒಂದು ಕಡೆ ನಡಿಗೆ, ಒಂದು ಕಡೆ ಕಣಿ. ಎಲ್ಲೆಡೆಯೂ ಹಬ್ಬದ ಜೀವಾಳ ತೊಡಗುವುದರಲ್ಲಿದೆ.

ತೊಡಗಿದ್ದು ಉಳಿಯುವ ಬಗೆಯೇನು, ಅಳಿಯುವ ಬಗೆಯೇನು ಎಂಬುದನ್ನು ತಿಳಿಯಲು ಹೊಯ್ಸಳ ನಾಡಿಗೆ ಹಿಂದಿರುಗಬೇಕು. ಬೇಲೂರಿನಲ್ಲಿ ಇಂದಿಗೂ ಚೈತ್ರದಲ್ಲಿ ಚೆನ್ನಕೇಶವನ ತೇರು ಎಳೆಯುತ್ತಾರೆ. ಪ್ರತಿಷ್ಠೆಯಾದ ಮಾಸವೇ ಉತ್ಸವದ ಮಾಸವೂ ಆಗಿ ಉಳಿದಿದೆ. ಇದು ತನ್ನಷ್ಟಕ್ಕೆ ಉಳಿದದ್ದಲ್ಲ. ಶತ್ರುಸೈನ್ಯದ ದಾಳಿಯಲ್ಲಿ ಮಹಾದ್ವಾರದ ಗೋಪುರ ಸುಟ್ಟುಹೋಗಿದ್ದಿತು. ಹೊಯ್ಸಳ ವಂಶವೇ ಅಳಿದು ವಿಜಯನಗರದ ಕಾಲ ಬಂದಮೇಲೆ, 1397ರಲ್ಲಿ ಎರಡನೆಯ ಹರಿಹರನ ದಂಡನಾಯಕ ಗುಂಡನು ಆ ಗೋಪುರವನ್ನು ಮತ್ತೆ ಕಟ್ಟಿಸಿದನು. ಅವನಿಗೆ ವಿಷ್ಣುವರ್ಧನನು ರಕ್ತಸಂಬಂಧಿಯಲ್ಲ, ತಲಕಾಡಿನ ವಿಜಯ ಅವನ ವಿಜಯವೂ ಅಲ್ಲ. ಇನ್ನೂರ ಎಂಬತ್ತು ವರ್ಷಗಳ ಹಿಂದೆ ಯಾರೋ ತೊಡಗಿದ್ದನ್ನು ಕಾಯುವುದು ತನ್ನ ಕೆಲಸವೆಂದು ಅವನು ಬಗೆದನು. ನಮ್ಮ ಪಠ್ಯಪುಸ್ತಕಗಳಲ್ಲಿ ಕಟ್ಟಿದವನಿಗೆ ಒಂದು ಅಧ್ಯಾಯವಿದೆ. ಕಾದವನಿಗೆ ಒಂದು ಸಾಲು.

ಹಳೇಬೀಡಿನ ಕಥೆ ಬೇರೆ. ಅದು ರಾಜಧಾನಿ ದೋರಸಮುದ್ರ. ಹೊಯ್ಸಳೇಶ್ವರ ಶಾಂತಲೇಶ್ವರರ ಜೋಡಿ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಕಸುಬಿನ ತುತ್ತತುದಿಯನ್ನು ಮುಟ್ಟಿದರು. ಅದಾದ ಸುಮಾರು ನೂರು ವರ್ಷಕ್ಕೆ, 1219ರಲ್ಲಿ, ಎರಡನೆಯ ಬಲ್ಲಾಳನೂ ರಾಣಿ ಅಭಿನವ ಕೇತಲದೇವಿಯೂ ಅಲ್ಲಿ ಕೇದಾರೇಶ್ವರನ ಗುಡಿಯನ್ನು ಕಟ್ಟಿಸಿದರು. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು; ಕೆಲವು ವರ್ಷಗಳಲ್ಲಿ ತುಘಲಕನ ದಂಡೂ ಬಂತು. ಅರಸರು ಹೋದರು, ಊರಿಗೆ ಹಳೆಯ ಬೀಡೆಂಬ ಹೆಸರು ಉಳಿಯಿತು. ಬೇಲೂರಿಗಿಂತ ಹಳೇಬೀಡಿನ ಕೆತ್ತನೆ ಹೆಚ್ಚಿನದೆನ್ನುವವರು ಬಹಳ ಮಂದಿ. ಆದರೆ ಚೈತ್ರದಲ್ಲಿ ಹೋಗಿ ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ. ಬೇಲೂರಿಗೆ ಜನ ದೇವರ ಹತ್ತಿರ ಬರುತ್ತಾರೆ. ಹಳೇಬೀಡಿಗೆ ಕಲ್ಲಿನ ಹತ್ತಿರ ಬರುತ್ತಾರೆ. ಎರಡೂ ಭಕ್ತಿಯೇ, ಆದರೆ ಒಂದರಲ್ಲಿ ವರ್ಷ ತಿರುಗುತ್ತದೆ, ಇನ್ನೊಂದರಲ್ಲಿ ನಿಂತಿದೆ.

ಇನ್ನು ಅರಸೀಕೆರೆ. ಹೆಸರೇ ಹೇಳುವಂತೆ ಅರಸಿಯೊಬ್ಬಳ ಕೆರೆಯಿಂದ ಹುಟ್ಟಿದ ಊರು. ರೈಲು ಬದಲಾಯಿಸುವವರಿಗೆ ಅದೊಂದು ಜಂಕ್ಷನ್ ಮಾತ್ರ. ಊರೊಳಗೆ 1220ರಲ್ಲಿ ಕಟ್ಟಿದ ಶಿವಾಲಯವೊಂದಿದೆ. ಅದರ ಮುಂದಿನ ನಕ್ಷತ್ರಾಕಾರದ ಮಂಟಪದಂಥದು ಹೊಯ್ಸಳರ ಕಟ್ಟಡಗಳಲ್ಲೇ ಅಪರೂಪ. ಅದೇ ವರ್ಷ ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಅಲ್ಲಿಯೇ ಇದೆ. ಒಂದೇ ವಿಕ್ರಮ ಸಂವತ್ಸರದಲ್ಲಿ ಒಂದೇ ಊರು ಶಿವನಿಗೂ ಜಿನನಿಗೂ ಮನೆ ಕಟ್ಟಿಕೊಟ್ಟಿತು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಸಂಸ್ಥೆಯು ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಶೋಭಕೃತ್ ಸಂವತ್ಸರ. ಶಾಂತಲೆಯ ಯುಗಾದಿ ದತ್ತಿಗೆ ಸರಿಯಾಗಿ ಒಂಬೈನೂರು ವರ್ಷ. ಕನ್ನಡಿಗರೆಲ್ಲ ಸಂತೋಷಪಟ್ಟೆವು, ನಾನೂ ಪಟ್ಟೆ. ಆ ಪಟ್ಟಿಯಲ್ಲಿ ಅರಸೀಕೆರೆ ಇಲ್ಲ. ಪಟ್ಟಿಯಲ್ಲಿದ್ದುದನ್ನು ಲೋಕ ಕಾಯುತ್ತದೆ. ಇಲ್ಲದ್ದನ್ನು ಊರು ಕಾಯಬೇಕು.

ಊರು ಕಾಯಬೇಕಾದದ್ದು ಗುಡಿಯೊಂದನ್ನೇ ಅಲ್ಲ. ಈ ಮೂರು ಊರುಗಳಿಗೂ ಸಮಾನವಾದ ಸಂಗತಿಯೊಂದಿದೆ: ಮೂರಕ್ಕೂ ಕೆರೆಯ ನಂಟು. ಬೇಲೂರಿಗೆ ವಿಷ್ಣುಸಮುದ್ರ, ಹಳೇಬೀಡಿಗೆ ದೋರಸಮುದ್ರ, ಅರಸೀಕೆರೆಗೆ ಹೆಸರಿನಲ್ಲೇ ಕೆರೆ. ದೊಡ್ಡ ಹೊಳೆಯಿಲ್ಲದ ಬಯಲುಸೀಮೆಯ ಅಂಚಿನಲ್ಲಿ ಜನ ಬದುಕಿದ್ದೇ ಕೆರೆಗಳಿಂದ. ಅವನ್ನು ಕಟ್ಟುವುದು ಎಷ್ಟು ಪುಣ್ಯವೋ ಹೂಳೆತ್ತಿ ಏರಿ ಭದ್ರಪಡಿಸುವುದೂ ಅಷ್ಟೇ ಪುಣ್ಯವೆಂದು ತಿಳಿದು, ಅದಕ್ಕಾಗಿಯೇ ಗದ್ದೆ ಬಿಡುತ್ತಿದ್ದರು. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಶಾಸನಪದಗಳು ಈ ಏರ್ಪಾಡಿನ ಕುರುಹುಗಳು. ಇಂದು ಆ ಪದಗಳು ನಿಘಂಟಿನಲ್ಲಿವೆ, ಹೂಳು ಕೆರೆಯಲ್ಲಿದೆ. ಈಚಿನ ಬರಗಾಲಗಳಲ್ಲಿ ಅರಸೀಕೆರೆ ಸೀಮೆಯ ತೆಂಗಿನ ತೋಟಗಳು ಸುಳಿಯೊಣಗಿ ನಿಂತದ್ದನ್ನು ಕಂಡವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ವರಕವಿ ಬೇಂದ್ರೆಯವರ ಯುಗಾದಿಯ ಗೀತವನ್ನು ಅರಿಯದ ಕನ್ನಡಿಗನಿಲ್ಲ. ಗಿಡಮರಗಳಿಗೆ ವರ್ಷವರ್ಷವೂ ಹೊಸ ಹರೆಯ ಬರುವಾಗ ಮನುಷ್ಯನಿಗೆ ಮಾತ್ರ ಅದು ಏಕಿಲ್ಲವೆಂದು ಆ ಕವಿತೆ ಕೇಳುತ್ತದೆ. ಒಬ್ಬೊಬ್ಬನ ಬಾಳಿನ ಮಟ್ಟಿಗೆ ಆ ಪ್ರಶ್ನೆಗೆ ಉತ್ತರವಿಲ್ಲ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ಯುಗಾದಿಗಳು ಅಲ್ಲಿಗೆ ಮುಗಿದವು. ಆದರೆ ಒಂದು ಊರಿಗೆ, ಒಂದು ನಾಡಿಗೆ ಮರುಹರೆಯ ಬರುವುದುಂಟು. ಗುಂಡನು ಗೋಪುರವನ್ನು ಎತ್ತಿದಾಗ ಬೇಲೂರಿಗೆ ಬಂದದ್ದು ಅದೇ. ಶ್ರೀಶೈಲದ ದಾರಿಯಲ್ಲಿ ಹೆಸರಿಲ್ಲದ ತಾಯಿಯೊಬ್ಬಳು ದಣಿದವರಿಗೆ ಮಜ್ಜಿಗೆ ಕೊಡುವಾಗ ಬರುವುದೂ ಅದೇ.

ಚೈತ್ರದಲ್ಲಿ ಕೆರೆಯ ನೀರು ತಳ ಕಾಣುತ್ತದೆ. ಹೂಳೆತ್ತುವ ಕೆಲಸಕ್ಕೆ ನಮ್ಮ ಹಿರಿಯರು ಒದಗಿಸಿಕೊಳ್ಳುತ್ತಿದ್ದ ಕಾಲವೂ ಬೇಸಗೆಯೇ. ಹೋಳಿಗೆ ಉಂಡು, ಪಂಚಾಂಗ ಕೇಳಿ, ಈ ವರ್ಷ ಮಳೆ ಎಷ್ಟು ಕೊಳಗವೆಂದು ತಿಳಿದುಕೊಂಡರೆ ಸಾಲದು. ಬಂದ ಮಳೆಯನ್ನು ಹಿಡಿಯಲು ಕೆರೆಯಲ್ಲಿ ಎಷ್ಟು ಜಾಗವಿದೆ ಎಂಬುದನ್ನೂ ಅದೇ ದಿನ ಏರಿಯ ಮೇಲೆ ನಿಂತು ನೋಡಿ ಬರುವುದು ಒಳ್ಳೆಯದು.